ಹೊಸ ಬೀಗದ ನಾಲಿಗೆ

ಆ ಮನುಷ್ಯನಿಗೆ ಬೀದಿಯವರು ದೊರೆ ಎಂದು ಹೆಸರಿಟ್ಟಿದ್ದರು. ಇಟ್ಟವರ ಬಾಯಿಗೆ ಮಣ್ಣು ಬೀಳಲಿ. ಹೆಂಡತಿಯ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಕುಟ್ಟುವವನು ದೊರೆಯಾದರೆ ಕಟುಕನಿಗೆ ಏನೆಂದು ಹೆಸರಿಡಬೇಕು? ಆದರೆ ಬೀದಿಗೆ ಕಾಣುತ್ತಿದ್ದದ್ದು ಅವನ ಕಾರು ಮಾತ್ರ. ಕೆನೆ ಬಣ್ಣದ, ದುಂಡು ಬೆನ್ನಿನ, ಅಜ್ಜನ ಕಾಲದ ಕಾರು. ಮದುವೆಯ ಗಂಡು-ಹೆಣ್ಣನ್ನು ಕೂರಿಸಿಕೊಂಡು ಹೋಗಲು, ಫೋಟೋದವರಿಗೆ, ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ದಿನಾ ಬೆಳಿಗ್ಗೆ ಅದರ ಮೈ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಅದರ ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಯಾರಾದರೂ ನಿಂತು ನೋಡಿದರೆ ಸಾಕು, ಬಾನೆಟ್ ಎತ್ತಿ, "ಎಲ್ಲಾ ಒರಿಜಿನಲ್ಲು. ಒಂದು ಸ್ಕ್ರೂ ಕೂಡ ಹೊರಗಿಂದಲ್ಲ," ಎನ್ನುತ್ತಿದ್ದ. ಆ ಕಾರಿಗೆ ಸಿಕ್ಕ ಮುದ್ದಿನಲ್ಲಿ ಕಾಲು ಭಾಗ ಸಿಕ್ಕಿದ್ದರೂ ಅವನ ಹೆಂಡತಿ ಆ ಮನೆಯಲ್ಲಿ ಸುಖವಾಗಿಯೇ ಇರುತ್ತಿದ್ದಳು.

ಹೆಂಡತಿ ಗ್ಯಾರೇಜ್ ಮೇಸ್ತ್ರಿಯೊಬ್ಬನ ಮಗಳು. ಮದುವೆಯಾಗಿ ಬಂದು ವರ್ಷಗಳೇ ಕಳೆದಿದ್ದರೂ ಬೀದಿಗೆ ಅವಳು ಮೇಸ್ತ್ರಿ ಮಗಳೇ. ಅಪ್ಪ ಸತ್ತ ಮೇಲೆ ಅವನ ಹತಾರಗಳ ಪೆಟ್ಟಿಗೆಯೊಂದೇ ಅವಳಿಗೆ ಉಳಿದ ತವರು. ಸುತ್ತಿಗೆ, ಉಳಿ, ಲೋಹ ಉಜ್ಜುವ ಅರ, ಎಣ್ಣೆ ಕುಡಿದು ಕಪ್ಪಾದ ಸ್ಪ್ಯಾನರುಗಳು. ದೊರೆ ಅದನ್ನು ಎಸೆಯದೆ ಬಿಟ್ಟಿದ್ದು ಪ್ರೀತಿಯಿಂದಲ್ಲ. ಊರಿನ ಮೆಕ್ಯಾನಿಕ್‌ಗಳೆಲ್ಲ ಅವನ ಮುಖ ಕಂಡರೆ ಷಟರ್ ಎಳೆಯುತ್ತಿದ್ದರು, ಒಬ್ಬನಿಗೆ ಕೆನ್ನೆಗೆ ಬಿಟ್ಟಿದ್ದ, ಇನ್ನೊಬ್ಬನ ಮೇಲೆ ಜಾಕ್ ರಾಡ್ ಎತ್ತಿದ್ದ. ಹಾಗಾಗಿ ಕಾರು ಕೈಕೊಟ್ಟಾಗಲೆಲ್ಲ ಹೆಂಡತಿಯೇ ಅದರ ಕೆಳಗೆ ಮಲಗಬೇಕಿತ್ತು.

ಮನೆಯಲ್ಲಿ ಮೂರನೆಯವಳು ಅವನ ತಾಯಿ. ಕಿವುಡಿ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ಅರ್ಧ ಕೇಳುತ್ತಿರಲಿಲ್ಲ ಎಂಬುದು ಇಡೀ ಬೀದಿಗೆ ಗೊತ್ತು. ಮಗ ಸೊಸೆಯನ್ನು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಾಗ ಮುದುಕಿ ಜಗಲಿಯ ಮೇಲೆ ಬಟ್ಟೆ ಮಡಚುತ್ತಾ ಕೂತಿರುತ್ತಿದ್ದಳು. "ಅತ್ತೇ, ಅತ್ತೇ" ಎಂದು ಒಳಗಿನಿಂದ ಕೂಗು ಬಂದರೂ ಮಡಚಿದ ಬಟ್ಟೆಯ ಅಂಚು ಕೂಡ ಅಲುಗುತ್ತಿರಲಿಲ್ಲ. ಸೊಸೆ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದನ್ನು ಎಂದೋ ಬಿಟ್ಟಿದ್ದಳು. ಕೇಳದವಳನ್ನು ಬೈದು ಏನು ಬಂತು? ಬದಲಿಗೆ ಅದರಲ್ಲೇ ಒಂದು ಸುಖ ಕಂಡುಕೊಂಡಿದ್ದಳು. ಗೋಡೆಗಾದರೂ ಕಿವಿ ಇರುತ್ತದೆ, ಅತ್ತೆಗಿಲ್ಲ ಎಂದುಕೊಂಡು, ತರಕಾರಿ ಹೆಚ್ಚುತ್ತಾ ಮುದುಕಿಯ ಪಕ್ಕದಲ್ಲೇ ಕೂತು ಹೊಟ್ಟೆಯೊಳಗಿನದನ್ನೆಲ್ಲ ಕಕ್ಕಿಬಿಡುತ್ತಿದ್ದಳು. "ನಿಮ್ಮ ಮಗನ ಕೈ ಸೇದಿಹೋಗ್ಲಿ ಅತ್ತೆ. ಅವನ ಹೆಣ ನೋಡಿದ್ ದಿನ ನಾನು ಹೊಟ್ಟೆ ತುಂಬ ಉಣ್ತೀನಿ." ಮುದುಕಿ ತಲೆಯಾಡಿಸಿ, "ಹ್ಞೂಂ, ಮೋಡ ಆಗಿದೆ, ಬಟ್ಟೆ ಒಳಗೆ ತಗೋ," ಎನ್ನುತ್ತಿದ್ದಳು. ಅಳುವವಳಿಗೂ ನಗು ಬರುತ್ತಿತ್ತು.

ಮನೆ ಇದ್ದದ್ದು ಏರಿನ ತುದಿಯಲ್ಲಿ. ಗೇಟಿನಿಂದಲೇ ರಸ್ತೆ ಇಳಿಯತೊಡಗಿ, ಕೆಳಗೆ ಗೋದಾಮಿನ ಕಲ್ಲುಗೋಡೆಯ ಬಳಿ ಎಡಕ್ಕೆ ತಿರುಗುತ್ತಿತ್ತು. ಇಲ್ಲಿ ದೊರೆಗೆ ಒಂದು ಚಾಳಿ. ಗೇಟು ದಾಟಿದ ಕೂಡಲೇ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಪೆಟ್ರೋಲ್ ಉಳಿಸುತ್ತೇನೆಂದು ಕಾರನ್ನು ಹಾಗೆಯೇ ಜಾರಲು ಬಿಡುತ್ತಿದ್ದ. ಅಷ್ಟಾಗಿದ್ದರೆ ಹಾಳಾಗಿ ಹೋಗಲಿ. ಕೀಯನ್ನೂ ಕಿತ್ತು, ಅದರ ಮೊನೆಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ! ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕಿವಿಯಲ್ಲಿ, ಕಣ್ಣು ಅರ್ಧ ಮುಚ್ಚಿ ಇಳಿಜಾರು ಇಳಿಯುವುದು. ತಿರುವು ದಾಟಿದ ಮೇಲೆ ಕೀಯನ್ನು ಪ್ಯಾಂಟಿಗೆ ಒರೆಸಿ, ಮತ್ತೆ ತೂರಿಸಿ ಎಂಜಿನ್ ಚಾಲೂ ಮಾಡುವುದು. ಈ ಸುಖವನ್ನು ಅವನು ಯಾವ ಸವಾರಿಯಲ್ಲೂ ತಪ್ಪಿಸಿದವನಲ್ಲ.

ಆ ದಿನ ಬೆಳಿಗ್ಗೆ ಕೀ ತಿರುಗಲಿಲ್ಲ. ಹಳೆಯ ಲಾಕು, ಒಳಗೆ ಸವೆದಿತ್ತು. ಸ್ವಲ್ಪ ಅಲ್ಲಾಡಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟಿದ್ದರೆ ತಿರುಗುತ್ತಿತ್ತೋ ಏನೋ. ದೊರೆಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬಲವಾಗಿ ತಿರುಚಿದ, ಕೀ ಅರ್ಧಕ್ಕೆ ಮುರಿಯಿತು. ಸಿಟ್ಟಿಗೆ ಹೆಂಡತಿಯ ಅಪ್ಪನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತಂದು ಲಾಕಿನ ಬಾಯಿಗಿಟ್ಟು ಸುತ್ತಿಗೆಯಿಂದ ಬಡಿದ. ಲಾಕಿನ ಮುಖ ಸೀಳಿಹೋಯಿತು.

"ಲೇ, ಬಾರೇ ಇಲ್ಲಿ!"

ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಶೆಡ್ಡಿಗೆ ಬಂದಳು. ಬಂದವಳ ಕುತ್ತಿಗೆಯ ಹಿಂಭಾಗ ಹಿಡಿದು ಮುಖವನ್ನು ಆ ಒಡೆದ ಲಾಕಿನ ಹತ್ತಿರಕ್ಕೆ ಒತ್ತಿದ. ಸೀಳಿದ ಲೋಹ ಅವಳ ಹುಬ್ಬಿಗೆ ತಾಗಿ ಚರ್ಮ ಕಿತ್ತಿತು.

"ಮೊನ್ನೆ ಒಳಗೆಲ್ಲ ಒರೆಸಿದೋಳು ನೀನು. ಏನ್ ಮಾಡ್ದೆ ಇದಕ್ಕೆ?"

"ನಾನೇನೂ ಮಾಡಿಲ್ಲ ರೀ. ಸವೆದುಹೋಗಿದೆ ಅಂತ ಹೇಳಿದ್ನಲ್ಲ..."

"ಹೇಳಿದ್ಲಂತೆ! ನಾಳೆ ಬೆಳಿಗ್ಗೆ ಮದುವೆ ಬಾಡಿಗೆ ಇದೆ. ಅಷ್ಟರೊಳಗೆ ಹೊಸದು ಕೂರ್ಬೇಕು. ಅದೂ ಇದೇ ಕಂಪನಿದು, ಇದೇ ಮಾದರಿದು. ಯಾವುದೋ ಕಾಗೆ ಗೂಬೆದು ತಂದು ಸಿಕ್ಕಿಸಿದ್ರೆ ನಿನ್ನ ಬೆರಳು ಒಂದೊಂದೇ ಮುರೀತೀನಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಲಾಕು ಮುರಿದವನು ಇವನು, ಬೆರಳು ಮುರಿಯುವುದು ಅವಳದು.

ಅವಳು ಹುಬ್ಬಿಗೆ ಬಟ್ಟೆ ಒತ್ತಿಕೊಂಡು ಗುಜರಿ ಅಂಗಡಿಗೆ ಹೋದಳು. ಅಲ್ಲಿಯ ಮುದುಕ ಅವಳಪ್ಪನ ಸ್ನೇಹಿತ. ಒಳಗೆಲ್ಲ ತಡಕಾಡಿ, ಅಟ್ಟದ ಮೇಲಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿ ಧೂಳು ಊದಿದ.

"ನಿನ್ನ ಅದೃಷ್ಟ ಮಗಳೇ. ಸೀಲೇ ಒಡೆದಿಲ್ಲ. ಅದೇ ಕಾಲದ್ದು, ಅದೇ ಗಾಡೀದು." ಆಮೇಲೆ ಅವಳ ಹುಬ್ಬು ನೋಡಿದ. "ಏನಾಯ್ತು?"

"ಬಾನೆಟ್ ತಾಗ್ತು."

"ಆ ಬಾನೆಟ್ಟು ಭಾರಿ ತಾಗತ್ತಮ್ಮ ನಿಂಗೆ," ಎಂದು ಅವನು ಬೇರೆ ಕಡೆ ನೋಡಿದ.

ಮಧ್ಯಾಹ್ನವೆಲ್ಲ ಹಳೆಯ ಲಾಕನ್ನು ಕೀಳುವುದರಲ್ಲೇ ಹೋಯಿತು. ಮೊದಲು ಬ್ಯಾಟರಿಯ ವೈರು ಬಿಚ್ಚಿದಳು. ಸ್ಟೀರಿಂಗ್ ಕಂಬಕ್ಕೆ ಲಾಕನ್ನು ಬಿಗಿದಿದ್ದದ್ದು ತಲೆಯಿಲ್ಲದ ಬೋಲ್ಟುಗಳು. ಕಳ್ಳರು ಬಿಚ್ಚಬಾರದೆಂದು ಹಾಗೆ ಮಾಡಿರುತ್ತಾರೆ. ಬಿಗಿಯುತ್ತಾ ಬಿಗಿಯುತ್ತಾ ಒಂದು ಹಂತದಲ್ಲಿ ಬೋಲ್ಟಿನ ತಲೆಯೇ ಮುರಿದು ಬೀಳುತ್ತದೆ, ಆಮೇಲೆ ಸ್ಪ್ಯಾನರಿಗೆ ಹಿಡಿತವೇ ಸಿಗುವುದಿಲ್ಲ. ಅವಳು ಸೀಟಿನ ಮೇಲೆ ಅಂಗಾತ ಮಲಗಿ, ಬೋಲ್ಟಿನ ಅಂಚಿಗೆ ಉಳಿ ಇಟ್ಟು, ಚಿಕ್ಕ ಚಿಕ್ಕ ಪೆಟ್ಟು ಕೊಟ್ಟು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದಳು. ಲೋಹದ ಪುಡಿ ಕಣ್ಣಿಗೆ ಬಿತ್ತು. ಬೆನ್ನಿನ ಹಳೆಯ ನೋವು ಎದ್ದು ಕೂತಿತು. ಕೊನೆಗೆ ಲಾಕು ಕೈಗೆ ಬಂದಾಗ ಅದರ ಹಿಂಭಾಗ ನೋಡಿ ಕೈ ನಿಲ್ಲಿಸಿದಳು.

ಲಾಕಿನ ನಾಲಿಗೆ ಇರಲಿಲ್ಲ. ಬುಡದಲ್ಲೇ ಮುರಿದು, ಎಷ್ಟೋ ಕಾಲದಿಂದ ಹಾಗೇ ಇದ್ದು ತುಕ್ಕು ಹಿಡಿದಿತ್ತು. ಹೊಸ ಲಾಕಿನಲ್ಲಿ ಅದು ಗಟ್ಟಿಮುಟ್ಟಾಗಿತ್ತು. ಕೀ ಹಾಕಿ ತಿರುಗಿಸಿದಳು, ನಾಲಿಗೆ ಒಳಗೆ ಸರಿಯಿತು. ಕೀ ಕಿತ್ತಳು. ಕಿರುಬೆರಳಷ್ಟು ದಪ್ಪದ ಉಕ್ಕಿನ ತುಂಡು ಟಕ್ಕನೆ ಹೊರಗೆ ಚಿಮ್ಮಿತು. ಕಾರಿನಲ್ಲಿ ಕೂರಿಸಿದರೆ ಅದು ಚಿಮ್ಮುವುದು ಸ್ಟೀರಿಂಗ್ ಕಂಬದ ಕಚ್ಚಿನೊಳಕ್ಕೆ. ಆಮೇಲೆ ಭೀಮ ಬಂದರೂ ಸ್ಟೀರಿಂಗ್ ತಿರುಗುವುದಿಲ್ಲ.

ಎಲ್ಲಾ ಒರಿಜಿನಲ್ಲು ಎಂದು ಮೀಸೆ ತಿರುವಿದವನಿಗೆ ಕಾರಿನ ಲಾಕಿಗೆ ನಾಲಿಗೆ ಇತ್ತು ಎಂಬುದೇ ಗೊತ್ತಿರಲಿಲ್ಲ. ಇಷ್ಟು ದಿನ ಅವನು ಇಳಿಜಾರಲ್ಲಿ ಕೀ ಕಿತ್ತು ಕಿವಿ ಕೆರೆದುಕೊಂಡು ಬದುಕಿದ್ದದ್ದು ಆ ಮುರಿದ ನಾಲಿಗೆಯ ಪುಣ್ಯದಿಂದ.

ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಮೊದಲು ಬಂದದ್ದು ಭಯವಲ್ಲ, ಆಸೆ. ಆದರೂ ಅವಳು ಮೇಸ್ತ್ರಿಯ ಮಗಳು. ಅಪಾಯ ಗೊತ್ತಿದ್ದೂ ಗಾಡಿಯನ್ನು ಹಾಗೆ ಕೊಡಬಾರದು ಎಂದು ಅಪ್ಪನ ಕೈಯಲ್ಲಿ ಬೈಸಿಕೊಂಡು ಕಲಿತವಳು. ಪೆಟ್ಟಿಗೆಯಿಂದ ಅರ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಹೊಸ ಲಾಕು ಹಿಡಿದು ಜಗಲಿಗೆ ಹೋದಳು. ದೊರೆ ಕುರ್ಚಿಯಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದ. ಮುದುಕಿ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದಳು.

"ರೀ, ಒಂದು ಮಾತು. ಹಳೇದ್ರಲ್ಲಿ ನಾಲಿಗೆ ಮುರಿದಿತ್ತು. ಇದರಲ್ಲಿದೆ. ಕೀ ಕಿತ್ತರೆ ಸ್ಟೀರಿಂಗ್ ಕಚ್ಕೊಳ್ಳತ್ತೆ. ನೀವು ಇಳಿಜಾರಲ್ಲಿ ಕೀ ತೆಗೀತೀರಲ್ಲ, ಹಾಗೆ ಮಾಡ್ಬೇಡಿ, ಗಾಡಿ ಸೀದಾ ಗೋಡೆಗೆ ಹೋಗತ್ತೆ. ಇಲ್ಲಾಂದ್ರೆ ಹೇಳಿ, ಅರ ಹಾಕಿ ನಾಲಿಗೆ ಉಜ್ಜಿಬಿಡ್ತೀನಿ."

ಇದಕ್ಕಿಂತ ಬಿಡಿಸಿ ಯಾರು ಹೇಳಿಯಾರು? ಆದರೆ ಅವನಿಗೆ ಕೇಳಿಸಿದ್ದು ಎರಡೇ ವಿಷಯ: ಹೆಂಡತಿ ತನಗೆ ಗಾಡಿ ಓಡಿಸಲು ಹೇಳಿಕೊಡುತ್ತಿದ್ದಾಳೆ, ಹೆಂಡತಿ ಒರಿಜಿನಲ್ ಸಾಮಾನಿಗೆ ಅರ ಹಾಕುತ್ತಾಳಂತೆ.

ಚಹಾದ ಲೋಟ ಮೊದಲು ಬಂತು, ಅವಳ ಎದೆಗೆ. ಬಿಸಿ ಚಹಾಕ್ಕೆ ಅವಳು ಹಾರಿಬೀಳುವಷ್ಟರಲ್ಲಿ ಅವನೇ ಬಂದ. ಅರವನ್ನು ಕಿತ್ತುಕೊಂಡು ಅದರ ಹಿಡಿಯಿಂದ ಬಾಯಿಗೆ ಹೊಡೆದ. ಅವಳು ಬಿದ್ದಳು. ಬಿದ್ದರೂ ಲಾಕು ನೆಲಕ್ಕೆ ತಾಗದಂತೆ ಹೊಟ್ಟೆಗೆ ಅವುಚಿಕೊಂಡಳು. ಅದು ಅವನ ಕಣ್ಣಿಗೆ ಬೀಳಲಿಲ್ಲ. ಪಕ್ಕೆಗೆ ಒದ್ದ.

"ನನಗೆ ಡ್ರೈವಿಂಗ್ ಹೇಳ್ಕೊಡ್ತೀಯೇನೇ? ನಾನು ಗಾಡಿ ಹಿಡ್ದಾಗ ನಿಮ್ಮಪ್ಪ ಚಡ್ಡಿ ಹಾಕ್ತಿದ್ದ! ಸೀಲ್ ಒಡೆಯದ ಮಾಲಿಗೆ ಅರ ಹಾಕಿದ್ರೆ ಕೈ ಕಡಿದು ಬಾವಿಗೆ ಹಾಕ್ತೀನಿ. ಹಂಗಂಗೇ ಕೂರಿಸು. ಒಂದು ಗೆರೆ ಬಿದ್ದಿರ್ಬಾರ್ದು."

"ಅತ್ತೇ..." ಎಂದಳು ಅವಳು, ಬಾಯಿ ತುಂಬ ರಕ್ತ. ಮುದುಕಿ ಟವೆಲ್ಲೊಂದನ್ನು ಎತ್ತಿ, ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿದಳು. ದೊರೆ ಇನ್ನೊಂದು ಸಲ ಒದ್ದು, ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅವಳು ಬಚ್ಚಲಿಗೆ ಹೋಗಿ ಉಗುಳಿದಾಗ ಮುಂದಿನ ಹಲ್ಲೊಂದು ನೀರಿನ ಜೊತೆ ಹೋಯಿತು. ಬಾಯಿಗೆ ಬಟ್ಟೆ ಕಚ್ಚಿಕೊಂಡು ಶೆಡ್ಡಿಗೆ ಮರಳಿದಳು. ಹೊಸ ಲಾಕನ್ನು ಕಂಬಕ್ಕೆ ಕೂರಿಸಿದಳು. ವೈರುಗಳನ್ನು ಒಂದೊಂದಾಗಿ ಅದರದರ ಜಾಗಕ್ಕೆ ಸಿಕ್ಕಿಸಿದಳು. ಲಾಕಿನ ಜೊತೆ ಬಂದ ಹೊಸ ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿ ಹಿಡಿಸಿದಳು. ಇನ್ನು ಬಿಗಿಯುವುದೊಂದೇ. ಅವನು ಎಸೆದುಹೋದ ಅರ ಜಗಲಿಯ ಹೊಸಿಲ ಬಳಿ ಬಿದ್ದಿದ್ದು ಶೆಡ್ಡಿನಿಂದಲೇ ಕಾಣುತ್ತಿತ್ತು. ಈಗಲೂ ಲಾಕು ಇಳಿಸಿ ನಾಲಿಗೆ ಉಜ್ಜಬಹುದಿತ್ತು. ಅವನು ಒಳಗೆ ಇಣುಕಿ ನೋಡುವವನಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮುದುಕಿ ಒಣಗಿದ ಬಟ್ಟೆಗೆಂದು ಶೆಡ್ಡಿನ ಹಗ್ಗದ ಹತ್ತಿರ ಬಂದಿದ್ದಳು. ಸೊಸೆ ಎಂದಿನಂತೆ ಅವಳ ಮುಖ ನೋಡಿಯೇ ಹೇಳಿದಳು.

"ನೋಡಿ ಅತ್ತೆ, ಅರ ಅಲ್ಲೇ ಇದೆ. ಎದ್ದು ತಗೊಂಡ್ರೆ ನಿಮ್ಮ ಮಗ ಬದುಕ್ತಾನೆ. ನಾನು ಏಳಲ್ಲ. ಹೇಳೋದು ಹೇಳಿದೀನಿ, ಹಲ್ಲು ಕೊಟ್ಟು ಹೇಳಿದೀನಿ. ಈ ಬೋಲ್ಟಿನ ತಲೆ ಮುರೀತು ಅಂದ್ರೆ ಮುಗೀತು. ನಾಳೆ ಅವನು ಕೀ ಕೀಳ್ತಾನೆ. ಕೀಳ್ಲಿ. ಸಾಯ್ಲಿ."

"ಹ್ಞೂಂ, ಗಾಳಿ ಜಾಸ್ತಿ," ಎಂದಳು ಮುದುಕಿ, ಬಟ್ಟೆ ಎತ್ತಿಕೊಂಡು ಹೋದಳು.

ಮೇಸ್ತ್ರಿ ಮಗಳು ಸ್ಪ್ಯಾನರಿಗೆ ಮೈಭಾರವೆಲ್ಲ ಹಾಕಿದಳು. ಒಂದು ಬೋಲ್ಟಿನ ತಲೆ ಮುರಿದು ಕಾಲಡಿ ಬಿತ್ತು. ಆಮೇಲೆ ಇನ್ನೊಂದು.

ಬೆಳಿಗ್ಗೆ ಕಾರಿಗೆ ಹೂವಿನ ಅಲಂಕಾರವಾಗಿತ್ತು. ದೊರೆ ಬಿಳಿ ಅಂಗಿ ಹಾಕಿ, ಹೊಸ ಕೀ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಮುದುಕಿ ಹೊಸಿಲ ಮೇಲೆ ನಿಂತಿದ್ದಳು. ಸೊಸೆ ಊದಿದ ಬಾಯಿ ಮುಚ್ಚಿಕೊಂಡು ಗೇಟು ತೆರೆದಳು. ಕಾರು ಅವಳ ಪಕ್ಕ ಬಂದಾಗ ಅವನು ಕಿಟಕಿಯಿಂದ ಕೈ ಹಾಕಿ ಅವಳ ಗಲ್ಲ ಹಿಂಡಿದ, ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು.

"ಏನೇ ಮೇಸ್ತ್ರಿ, ಇವತ್ತು ಪಾಠ ಇಲ್ವಾ?"

ಅವಳು ಮಾತಾಡಲಿಲ್ಲ. ಆಡಬಹುದಿತ್ತು. ಬಾಯಿ ಊದಿದ್ದರೂ ಒಂದು ಮಾತಿಗೆ ತೊಂದರೆಯಿರಲಿಲ್ಲ.

ಕಾರು ಇಳಿಜಾರಿಗೆ ಇಳಿಯಿತು. ಎಂಜಿನ್ ಸದ್ದು ನಿಂತಿತು. ವಿನಾಶಕಾಲೇ ವಿಪರೀತ ಬುದ್ಧಿ ಅನ್ನುತ್ತಾರಲ್ಲ, ಅವತ್ತು ಅವನು ಕಿವಿ ಕೂಡ ಕೆರೆದುಕೊಳ್ಳಲಿಲ್ಲ. ಕೀಯನ್ನು ಕಿತ್ತು, ಕಿಟಕಿಯಿಂದ ಕೈ ಹೊರಗೆ ಚಾಚಿ, ಹಿಂದೆ ನಿಂತವಳಿಗೆ ಕಾಣಲೆಂದು ಬೆರಳಲ್ಲಿ ಗಿರಗಿರ ತಿರುಗಿಸಿದ. "ನೋಡೇ!" ಎಂದು ಕೂಗಿದ. ಬೀದಿಯವರೂ ನೋಡಿದರು.

ಸ್ವಲ್ಪ ದೂರ ಕಾರು ನೆಟ್ಟಗೇ ಹೋಯಿತು. ಆಮೇಲೆ ಬೆರಳಲ್ಲಿದ್ದ ಕೀ ರಸ್ತೆಗೆ ಬಿತ್ತು, ಆ ಕೈ ಒಳಗೆ ಹೋಯಿತು. ಬ್ರೇಕಿತ್ತು, ಕಾಲಿತ್ತು, ತುಳಿದಿದ್ದರೆ ಬದುಕುತ್ತಿದ್ದ. ಆದರೆ ಅವನು ಹುಟ್ಟಿದಾಗಿನಿಂದ ಎಲ್ಲವನ್ನೂ ಕೈಯಲ್ಲೇ ಇತ್ಯರ್ಥ ಮಾಡಿದವನು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಜಗ್ಗಿದ, ಮುಷ್ಟಿಯಿಂದ ಗುದ್ದಿದ, ಬೈದ. ಬೈಗುಳ ಗೇಟಿನವರೆಗೂ ಕೇಳಿಸಿತು. ಅಷ್ಟರಲ್ಲಿ ಕಾರಿಗೆ ಓಟ ಬಂದಿತ್ತು. ತಿರುವಿನಲ್ಲಿ ತಿರುಗಲಿಲ್ಲ. ಗೋದಾಮಿನ ಕಲ್ಲುಗೋಡೆಗೆ ನುಗ್ಗಿದ ಸದ್ದಿಗೆ ಬೀದಿಯ ಕಾಗೆಗಳೆಲ್ಲ ಎದ್ದವು.

ಜನ ಓಡಿದರು. ಅವಳೂ ಓಡಿದಳು. ಸ್ಟೀರಿಂಗ್ ಕಂಬ ಹಿಂದಕ್ಕೆ ನುಗ್ಗಿ ಅವನ ಎದೆಯನ್ನು ಸೀಟಿಗೆ ಜಡಿದಿತ್ತು. ಬಿಳಿ ಅಂಗಿಯಲ್ಲಿ ಬಿಳಿ ಉಳಿದಿರಲಿಲ್ಲ. ಬಾಯಿ ತೆರೆದಿತ್ತು, ಮುಂದಿನ ಹಲ್ಲುಗಳೆಲ್ಲ ಹೋಗಿದ್ದವು. ಅವಳು ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಒಳ್ಳೆಯದಾಯಿತು ಎನ್ನಿಸಿತು, ಹಾಗೆ ಎನ್ನಿಸಬಾರದು ಎಂದುಕೊಂಡಳು, ಆದರೂ ಒಳ್ಳೆಯದಾಯಿತು ಎಂದೇ ಎನ್ನಿಸಿತು. "ಮಾಡಿದ್ದುಣ್ಣೋ ಮಹಾರಾಯ," ಎಂದು ಯಾರೋ ಹಿಂದಿನಿಂದ ಗೊಣಗಿದರು.

ದೊರೆಯ ಅಣ್ಣ ಬೇರೆ ಊರಿನಲ್ಲಿದ್ದವನು. ತಮ್ಮನ ಮಣ್ಣು ಮುಗಿಸಿದ ಮೇಲೆ ಇನ್ಸ್‌ಪೆಕ್ಟರನ್ನೇ ಮನೆಗೆ ಕರೆದುಕೊಂಡು ಬಂದ. ಮುದುಕಿ ಮೂಲೆಯಲ್ಲಿ ಬರಿಗೈಯಲ್ಲಿ ಕೂತಿದ್ದಳು.

"ಇವಳೇ ಸಾರ್ ಕೊಂದಿದ್ದು," ಎಂದ ಭಾವ. "ಮೆಕ್ಯಾನಿಕ್ಕಿನ ಮಗಳು. ಲಾಕು ಹಾಕಿದೋಳು ಇವಳು. ನನ್ನ ತಮ್ಮ ಇಳಿಜಾರಲ್ಲಿ ಕೀ ತೆಗೆಯೋದು ಇವಳಿಗೆ ಗೊತ್ತಿರ್ಲಿಲ್ವಾ?"

ಇನ್ಸ್‌ಪೆಕ್ಟರು ಸಮಾಧಾನದ ಮನುಷ್ಯ. "ಗೊತ್ತಿತ್ತಾ ತಾಯಿ?"

"ಗೊತ್ತಿತ್ತು."

"ಅವರಿಗೆ ಹೇಳಿದ್ರಾ?"

"ಹೇಳ್ದೆ ಸಾರ್. ಹೇಳಿದ್ದಕ್ಕೇ ಈ ಹಲ್ಲು ಹೋಯ್ತು."

"ಎಲ್ಲೋ ಬಿದ್ದು ಮುರ್ಕೊಂಡಿದಾಳೆ!" ಎಂದು ಭಾವ ಎದ್ದು ನಿಂತ. "ಹೇಳಿದ್ಲಂತೆ! ಕೇಳಿದೋರು ಯಾರು? ಸಾಕ್ಷಿ ಯಾರು? ಎಳ್ಕೊಂಡು ಹೋಗಿ ಒಳಗೆ ಹಾಕಿ ಸಾರ್, ತಾನೇ ಬಾಯಿ ಬಿಡ್ತಾಳೆ." ಅವನ ಕೈ ಕೂಡ ತಮ್ಮನ ಕೈಯಂತೆಯೇ ಮೇಲೆದ್ದಿತ್ತು. ಇನ್ಸ್‌ಪೆಕ್ಟರು ನೋಡಿದ್ದರಿಂದ ಇಳಿಯಿತು.

"ಆಗ ಯಾರಿದ್ರು ಅಲ್ಲಿ?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ಅತ್ತೆ ಇದ್ರು. ಅವರಿಗೆ ಕಿವಿ ಕೇಳಲ್ಲ." ಜೈಲಿನ ಬಾಗಿಲು ಅವಳ ಕಣ್ಣೆದುರು ಬಂತು. ಗಂಡನ ಕೈಯಿಂದ ಬಿಡಿಸಿಕೊಂಡದ್ದು ಇಷ್ಟಕ್ಕೇ ಆಯಿತೇ ಎಂದು ಅಳು ಉಕ್ಕಿತು.

ಇನ್ಸ್‌ಪೆಕ್ಟರು ತಮ್ಮ ಪೇದೆಯ ಕಡೆ ತಿರುಗಿ, ಮೆಲ್ಲಗೆ, "ಇನ್ನೇನ್ ಮಾಡೋದು, ಸ್ಟೇಷನ್ನಿಗೆ ಕರ್ಕೊಂಡೇ ಹೋಗ್ಬೇಕಾಗತ್ತೆ," ಎಂದರು.

"ಬೇಡ," ಎಂದಳು ಮುದುಕಿ.

ಎಲ್ಲರೂ ತಿರುಗಿದರು.

"ಅವಳು ಹೇಳಿದ್ಲು. 'ಕೀ ಕಿತ್ತರೆ ಸ್ಟೀರಿಂಗ್ ಕಚ್ಕೊಳ್ಳತ್ತೆ, ಗಾಡಿ ಸೀದಾ ಗೋಡೆಗೆ ಹೋಗತ್ತೆ' ಅಂದ್ಲು. 'ಅರ ಹಾಕಿ ಉಜ್ಜಿಬಿಡ್ತೀನಿ' ಅಂದ್ಲು. ಅವನು ಚಹಾ ಎರಚಿ, ಅರದ ಹಿಡೀಲಿ ಬಾಯಿಗೆ ಹೊಡ್ದ. 'ಸೀಲ್ ಒಡೆಯದ ಮಾಲಿಗೆ ಅರ ಹಾಕಿದ್ರೆ ಕೈ ಕಡೀತೀನಿ' ಅಂದ. ನಾನು ಅಲ್ಲೇ ಕೂತಿದ್ದೆ."

"ಅಮ್ಮಾ! ನಿಂಗೆ ಕಿವಿ ಕೇಳಲ್ವಲ್ಲ!"

"ಕೇಳತ್ತೆ."

"ಇಷ್ಟು ವರ್ಷ ಜಾಣಗಿವುಡಾ?" ಭಾವನ ಬಾಯಿ ತೆರೆದೇ ಇತ್ತು.

"ನಿಮ್ಮಪ್ಪ ಇದ್ದಾಗ ಶುರು ಮಾಡಿದ್ದು. ಕೇಳ್ದೇ ಇರೋಳನ್ನ ಬೈಯೋದ್ರಲ್ಲಿ ಅವರಿಗೆ ರುಚಿ ಹೋಯ್ತು. ಹೊಡೆಯೋದೂ ಕಮ್ಮಿ ಆಯ್ತು. ಹಾಗೇ ಉಳಿಸ್ಕೊಂಡೆ."

ಇನ್ಸ್‌ಪೆಕ್ಟರು ಒಂದೆರಡು ಪ್ರಶ್ನೆಗಳನ್ನು ಬೇಕೆಂದೇ ಪಿಸುಗುಟ್ಟುವ ದನಿಯಲ್ಲಿ ಕೇಳಿದರು. ಮುದುಕಿ ಎಲ್ಲಕ್ಕೂ ಉತ್ತರ ಕೊಟ್ಟಳು. ಅವರು ಟೋಪಿ ಹಾಕಿಕೊಂಡು ಎದ್ದರು. ಭಾವ ತಾಯಿಯ ಮುಖಕ್ಕೆ ಕೈ ಮುಗಿದು, "ನೀನು ತಾಯಿನಾ?" ಎಂದು ಕೇಳಿ ಹೊರಟುಹೋದ.

ಮನೆಯಲ್ಲಿ ಇಬ್ಬರೇ ಉಳಿದರು. ಮೇಸ್ತ್ರಿ ಮಗಳಿಗೆ ಕಾಲಿಗೆ ಬೀಳಬೇಕೋ ಕತ್ತು ಹಿಸುಕಬೇಕೋ ತಿಳಿಯಲಿಲ್ಲ.

"ಎಲ್ಲಾ ಕೇಳಿಸ್ತಿತ್ತಾ?"

"ಹ್ಞೂಂ."

"ನನ್ನ ಪಕ್ಕೆ ಮುರಿದ ದಿನ? ನೆಲದ ಮೇಲೆ ಬಿದ್ಕೊಂಡು ಅತ್ತೇ ಅತ್ತೇ ಅಂತ ಬಾಯಿ ಬಡ್ಕೊಂಡ್ನಲ್ಲ, ಅವತ್ತು?"

"ಕೇಳಿಸ್ತು."

"ಥೂ ನಿಮ್ಮ!" ಕೈಗೆ ಸಿಕ್ಕ ನೀರಿನ ಲೋಟವನ್ನು ಅವಳು ಬೀಸಿ ಒಗೆದಳು. ಅದು ಮುದುಕಿಯ ಕಿವಿಯ ಪಕ್ಕದಲ್ಲೇ ಗೋಡೆಗೆ ಬಡಿಯಿತು. ಮುದುಕಿ ಬೆಚ್ಚಿ ತಲೆ ತಗ್ಗಿಸಿದಳು. "ಒಂದು ಸಲ ಬಾಗಿಲು ತಟ್ಟೋಕೆ ಆಗ್ಲಿಲ್ವಾ? ಒಂದೇ ಒಂದು ಸಲ?"

"ಕೇಳಿಸ್ತು ಅಂದ್ರೆ ಎದ್ದು ಬರ್ಬೇಕಾಗ್ತಿತ್ತಲ್ಲೇ," ಎಂದಳು ಮುದುಕಿ. "ನಂಗೆ ಭಯ."

ಸೊಸೆ ಗೋಡೆಗೊರಗಿ ಕುಸಿದು ಅತ್ತಳು. ಗಂಡ ಸತ್ತಾಗ ಬಾರದ ಅಳು ಈಗ ಬಂತು. ಮುದುಕಿ ಅದು ಮುಗಿಯುವವರೆಗೂ ಕಾದಳು.

"ಶೆಡ್ಡಲ್ಲಿ ಬೋಲ್ಟ್ ಬಿಗಿಯೋವಾಗ ನೀನು ಅಂದಿದ್ದೂ ಕೇಳಿಸ್ತು."

ಅಳು ನಿಂತಿತು. "ಅದನ್ನ ಯಾಕೆ ಹೇಳ್ಲಿಲ್ಲ ಅವರಿಗೆ?"

ಮುದುಕಿ ತನ್ನ ಖಾಲಿ ಕೈಗಳನ್ನು ನೋಡಿಕೊಂಡಳು. "ಅವತ್ತು ಸಂಜೆ ನನ್ನೆದುರೇ ಕೂತು ಉಂಡ. ಬೆಳಿಗ್ಗೆ ನಾನು ಹೊಸಿಲ ಮೇಲೇ ನಿಂತಿದ್ದೆ, ನನ್ನ ಮುಂದೇ ಹಾದು ಹೋದ. ಹೆತ್ತ ಮಗ. ಅವನಿಗೇ ಹೇಳ್ಲಿಲ್ಲ ನಾನು. ಇನ್ನು ಇನ್ಸ್‌ಪೆಕ್ಟರಿಗೆ ಏನಂತ ಹೇಳ್ಲಿ?"

ಮೇಸ್ತ್ರಿ ಮಗಳು ಎದ್ದು, ನಗ್ಗಿದ ಲೋಟವನ್ನು ಎತ್ತಿಕೊಂಡು ತೊಳೆದು, ನೀರು ತುಂಬಿ ತಂದು ಮುದುಕಿಯ ಕೈಗೆ ಕೊಟ್ಟಳು.

"ಕುಡೀರಿ ಅತ್ತೆ," ಎಂದಳು. ಕೂಗಿ ಹೇಳಲಿಲ್ಲ.